ಟೆಸ್ಲಾ ಕಾಯಿಲ್ ತಲೆಗೆ ಚಿಮಣಿ ಪೈಪಿನ ಸಿಂಬಿ

ಚಿಕ್ಕಮಗಳೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ. ಗಿರಾಕಿಗಳಲ್ಲಿ ಜಾಸ್ತಿ ತೋಟದವರೇ, ಪಂಪ್‌ಸೆಟ್ ಸುಟ್ಟಾಗ ಬರುತ್ತಾರೆ. ನಡುನಡುವೆ ಕಾಲೇಜು ಹುಡುಗರೂ ಬರುತ್ತಾರೆ, "28 ಗೇಜ್ ಎನಾಮಲ್ ವೈರ್ ಬೇಕಿತ್ತು ಅಣ್ಣಾ, ಟೆಸ್ಲಾ ಕಾಯಿಲ್ ಮಾಡ್ತಿದ್ದೀವಿ" ಅಂತ. ಅದು ವಿಜ್ಞಾನಿ ಟೆಸ್ಲಾ ಕಂಡುಹಿಡಿದ, ವೋಲ್ಟೇಜನ್ನು ತುಂಬಾ ಏರಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಉಪಕರಣ. ಸಾವಿರ ಸುತ್ತನ್ನು ಒಂದರ ಮೇಲೊಂದು ಹತ್ತದಂತೆ ಸುತ್ತುವ ತಾಳ್ಮೆ ಇವರಿಗೆ ಎಲ್ಲಿಂದ ಬರುತ್ತದೋ, ಮೇಲಿನ ಎಲೆಕ್ಟ್ರೋಡ್, ಅಂದರೆ ಕಿಡಿ ಹೊರಡುವ ಲೋಹದ ತಲೆ ಮಾಡುವ ಹೊತ್ತಿಗೆ ಅದೆಲ್ಲ ಖಾಲಿ. ಸ್ಟೀಲ್ ಡಬ್ಬಿಯ ಮುಚ್ಚಳ ಒಂದನ್ನು ಕೂರಿಸಿ, ಕಿಡಿ ಯಾಕೆ ಇಷ್ಟೇ ಇಷ್ಟು ಬರುತ್ತಿದೆ ಅಂತ ಕೇಳುತ್ತಾರೆ.

ಆ ಲೋಹದ ತಲೆ ಮತ್ತು ನೆಲ ಸೇರಿ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಸಾಧನ ಆಗುತ್ತವೆ. ಕಿಡಿ ಹೊರಟಾಗ ಅದಕ್ಕೆ ಬೇಕಾದ ಕರೆಂಟ್ ಅಲ್ಲಿಂದಲೇ ಬರಬೇಕು. ಜೊತೆಗೆ, ವೋಲ್ಟೇಜ್ ಸಿಕ್ಕಸಿಕ್ಕಲ್ಲಿ ಸೋರದಂತೆಯೂ ಅದು ತಡೆಯಬೇಕು. ಗಾಳಿ ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ತಡೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 1 ಸೆಂ.ಮೀ. ತ್ರಿಜ್ಯದ ಗುಂಡು 30 ಕಿಲೋವೋಲ್ಟ್ ಆಸುಪಾಸಿನಲ್ಲೇ ಸೋರಲು ಶುರುಮಾಡುತ್ತದೆ, 5 ಸೆಂ.ಮೀ. ತ್ರಿಜ್ಯದ್ದು 150ರ ಹತ್ತಿರದ ತನಕ ತಾಳುತ್ತದೆ. ಡಬ್ಬಿ ಮುಚ್ಚಳದ ಅಂಚು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ, ಅಲ್ಲಿ ಏನು ನಿಲ್ಲುತ್ತದೆ ಹೇಳಿ! ಹಾಸನದ 400 ಕೆವಿ ಸಬ್‌ಸ್ಟೇಷನ್ ಕಡೆ ಹೋದಾಗ ಲೈನಿನ ಇನ್ಸುಲೇಟರ್ ತುದಿ ನೋಡಿ. ಅಲ್ಲಿ ದಪ್ಪ ಬಳೆ ಹಾಕಿರುವುದೂ ಇದಕ್ಕೇ. 1914ರಲ್ಲಿ ಸಿಕ್ಕ ಪೇಟೆಂಟಿನಲ್ಲಿ ಟೆಸ್ಲಾ ಕೂಡ ಮೇಲಿನ ಭಾಗಕ್ಕೆ ಉಂಗುರದ ಆಕಾರವನ್ನೇ ತೋರಿಸಿದ್ದಾರೆ.

ನೀರಿನ ಕೊಡದ ಕೆಳಗೆ ತಲೆ ಮೇಲೆ ಇಟ್ಟುಕೊಳ್ಳುತ್ತಿದ್ದ ಸಿಂಬಿ ಇದೆಯಲ್ಲ, ಅದೇ ಆಕಾರ ಬೇಕು. ಸ್ಕೂಟರ್ ಟ್ಯೂಬಿಗೆ ಅಲ್ಯೂಮಿನಿಯಂ ಟೇಪ್ ಸುತ್ತುವವರಿದ್ದಾರೆ. ಗಾಳಿ ಇಳಿದರೆ ಟೇಪೆಲ್ಲ ಸುಕ್ಕು, ನನಗಂತೂ ಇಷ್ಟವಿಲ್ಲ. ಎರಡು ಸ್ಟೀಲ್ ಬೋಗುಣಿ ಬಾಯಿಗೆ ಬಾಯಿ ಸೇರಿಸಿದರೆ ಸಣ್ಣ ಕಾಯಿಲಿಗೆ ಸಾಕು. ಆದರೆ ಅಡುಗೆಮನೆ ಚಿಮಣಿಗೆ ಹಾಕುವ 4 ಇಂಚಿನ ಅಲ್ಯೂಮಿನಿಯಂ ಫ್ಲೆಕ್ಸಿಬಲ್ ಪೈಪ್ ಸಿಕ್ಕರೆ ಬೇರೇನೂ ಹುಡುಕಬೇಡಿ.

ಪೈಪಿನ ದಪ್ಪ ನಿಮ್ಮ ಕಾಯಿಲಿನ ದಪ್ಪದಷ್ಟಿರಲಿ, ಒಟ್ಟು ಅಗಲ ಅದರ ಮೂರು ನಾಲ್ಕು ಪಟ್ಟು. 110 ಎಂಎಂ ಪಿವಿಸಿ ಪೈಪಿನ ಮೇಲೆ ಸುತ್ತಿದ್ದರೆ ಅಂಚಿನಿಂದ ಅಂಚಿಗೆ 40 ಸೆಂ.ಮೀ. ಸರಿಹೋಗುತ್ತದೆ. ಆಗ ಚಿಮಣಿ ಪೈಪನ್ನು 94 ಸೆಂ.ಮೀ. ಉದ್ದಕ್ಕೆ ಎಳೆಯಬೇಕು, ಅಂದರೆ 40ರಲ್ಲಿ ಪೈಪಿನ ದಪ್ಪ 10 ಕಳೆದು 3.14ರಿಂದ ಗುಣಿಸಿದರೆ ಬರುವಷ್ಟು. ನಡುವೆ 20 ಸೆಂ.ಮೀ. ಅಗಲದ ಪ್ಲೈವುಡ್ ತಟ್ಟೆ, ಅದರ ಎರಡೂ ಕಡೆಗೆ ಅಲ್ಯೂಮಿನಿಯಂ ಟೇಪ್. ಇಲ್ಲೊಂದು ವಿಷಯ: ಟೇಪಿನ ಅಂಟು ಕರೆಂಟ್ ಬಿಡುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಪ್ರತಿ ಪಟ್ಟಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ, ಲೋಹಕ್ಕೆ ಲೋಹ ತಾಗುವಂತೆ ಅಂಟಿಸಿ, ಮಲ್ಟಿಮೀಟರ್ ಬೀಪ್ ಅನ್ನುವುದನ್ನು ಕೇಳಿಯೇ ಮುಂದಿನ ಪಟ್ಟಿಗೆ ಹೋಗಿ. ಜೋಡಿಸಿದ ಜಾಗವನ್ನು ಚಮಚದ ಬೆನ್ನಿನಿಂದ ಉಜ್ಜಿ. ಪೈಪಿನ ಮಡಿಕೆಗಳನ್ನು ನಯ ಮಾಡಲು ಹೋಗುವುದು ಸುಮ್ನೆ ದಂಡ, ಅವು ದುಂಡಗೇ ಇರುತ್ತವೆ. ತೊಂದರೆ ಕೊಡುವುದು ಟೇಪಿನ ಎದ್ದ ತುದಿ, ಹೊರಗೆ ಇಣುಕುವ ಸ್ಕ್ರೂ.

ಸಿಂಬಿಯನ್ನು ಕೊನೆಯ ಸುತ್ತಿನಿಂದ ಒಂದೆರಡು ಇಂಚು ಮೇಲೆ ಕೂರಿಸಿ. ಕೊನೆಯ ಸುತ್ತಿನಿಂದಲೇ ಕಿಡಿ ಚಿಮ್ಮಿದರೆ ಸ್ವಲ್ಪ ಕೆಳಗಿಳಿಸಿ. ಕಾಯಿಲಿನಿಂದ ಸಿಂಬಿಗೆ ಹೋಗುವ ವೈರನ್ನು ಪಿವಿಸಿ ಒಳಗಿನಿಂದ ತರಲೇಬೇಡಿ, ಪೈಪಿನೊಳಗೇ ಆರ್ಕ್ ಆಗಿ ವೈಂಡಿಂಗ್ ಹೋಗುತ್ತದೆ. ನಮ್ಮ ಮಳೆಗಾಲದ ತೇವ ಬೇರೆ ಇದೆ ಅಲ್ವಾ, ಸುತ್ತುವ ಮೊದಲು ಪಿವಿಸಿಯನ್ನು ಚೆನ್ನಾಗಿ ಒಣಗಿಸಿ, ಸುತ್ತಿದ ಮೇಲೆ ವಾರ್ನಿಶ್ ಕೊಡಿ. ಮೋಟಾರಿಗೆ ನಾವು ಮಾಡುವುದೂ ಅದೇ.

ತಲೆ ಕೂರಿಸಿದ ಮೇಲೆ ಟ್ಯೂನಿಂಗ್, ಅಂದರೆ ಬುಡದ ಪ್ರೈಮರಿ ಕಾಯಿಲ್ ಮತ್ತು ಮೇಲಿನ ಕಾಯಿಲ್ ಒಂದೇ ಫ್ರೀಕ್ವೆನ್ಸಿಯಲ್ಲಿ ಮಿಡಿಯುವ ಹೊಂದಾಣಿಕೆ, ಬದಲಾಗುತ್ತದೆ, ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೇಲೆ ಹೇಳಿದ ಸಾವಿರ ಸುತ್ತಿನ ಕಾಯಿಲ್ ಬರೀ ಮೈಯಲ್ಲಿ ಹೆಚ್ಚುಕಡಿಮೆ 360 ಕಿಲೋಹರ್ಟ್ಸಿನಲ್ಲಿ ಮಿಡಿಯುತ್ತದೆ. ಈ ಸಿಂಬಿಯ ಕೆಪಾಸಿಟಿ 17-18 ಪಿಕೋಫ್ಯಾರಡ್, ಅದನ್ನು ಹೊರಿಸಿದರೆ 200ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಪ್ರೈಮರಿಯ ಟ್ಯಾಪ್, ಅಂದರೆ ವೈರ್ ಸಿಕ್ಕಿಸುವ ಜಾಗ, ಹೊರಗಿನ ಸುತ್ತುಗಳ ಕಡೆ ಹೋಗಬೇಕು. ಅಷ್ಟು ಸುತ್ತು ಪ್ರೈಮರಿಯಲ್ಲಿ ಇರಬೇಕಲ್ಲ, ಅದಕ್ಕೇ ತಲೆಯ ಅಳತೆ ಮೊದಲೇ ಗೊತ್ತಿರಲಿ. ಪ್ರತಿ ಸಲ ಟ್ಯಾಪ್ ಮುಟ್ಟುವ ಮುಂಚೆ ಪ್ಲಗ್ ಕಿತ್ತು ಪ್ರೈಮರಿ ಕಡೆಯ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ. ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಹಾಕಿದ್ದರಂತೂ ಕೆಳಗಿನ ಸರ್ಕ್ಯೂಟ್ ಒಂದೇ ಸಲಕ್ಕೆ ಕೊಲ್ಲುತ್ತದೆ, ಎರಡನೇ ಅವಕಾಶ ಇಲ್ಲ. ಮೇಲಿನ ಕಿಡಿ ಶಾಕ್ ಹೊಡೆಯಲ್ಲ ಅಂತ ಕೈ ಒಡ್ಡುವವರಿಗೆ ಚರ್ಮದ ಒಳಗಿನ ತನಕ ಸುಡುತ್ತದೆ.

ಟ್ಯೂನಿಂಗ್ ಸರಿಯಿದ್ದೂ ಕಿಡಿ ಹೊರಡದಿದ್ದರೆ ನಿಮ್ಮ ಪವರಿಗೆ ಸಿಂಬಿ ದೊಡ್ಡದಾಯಿತು ಅಂತ ಅರ್ಥ. ಬಿಚ್ಚಬೇಡಿ. ಎರಡು ಇಂಚು ತಂತಿಯನ್ನು ಹೊರಮೈಗೆ ಟೇಪಿನಿಂದ ಅಂಟಿಸಿ, ಮೊನೆ ಜನರಿಲ್ಲದ ಕಡೆಗಿರಲಿ. ಕಿಡಿ ಅಲ್ಲಿಂದಲೇ ಹೊರಡುತ್ತದೆ.