4294967297ನ್ನು ಒಡೆಯೋದು ಹೇಗೆ?

429 ಕೋಟಿ 49 ಲಕ್ಷ 67 ಸಾವಿರದ 297. ಅಂದರೆ 2³² + 1. ಶೇಷದ ಲೆಕ್ಕ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಕಂಡಿಲ್ಲ.

ಮೊದಲು ಹಿನ್ನೆಲೆ. 2ರ ಘಾತವನ್ನು 1, 2, 4, 8, 16 ಎಂದು ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ 1 ಕೂಡಿಸಿ. 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು 1640ರ ಹೊತ್ತಿಗೆ ಗಣಿತಜ್ಞ ಫರ್ಮಾ ನಂಬಿದ್ದರು. ಆರನೆಯದೇ ನಮ್ಮ ಸಂಖ್ಯೆ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದೇಬಿಟ್ಟರು: 641 × 6700417.

ಸುಮ್ನೆ 3, 5, 7 ಎಂದು ಭಾಗಿಸುತ್ತಾ ಹೋದರೂ 641 ಸಿಗುತ್ತದೆ, ಆದರೆ ಅಷ್ಟರಲ್ಲಿ ನೂರಕ್ಕೂ ಜಾಸ್ತಿ ಭಾಗಾಕಾರ ಆಗಿರುತ್ತದೆ. ಒಂದು ಜರಡಿ ಹಿಡಿದರೆ ಕೆಲಸ ಹಗುರ.

ಯಾವುದೋ ಅವಿಭಾಜ್ಯ 'ಪ' ನಮ್ಮ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ ಅಂದುಕೊಳ್ಳಿ. ಆಗ 2³²ನ್ನು ಪ-ದಿಂದ ಭಾಗಿಸಿದರೆ ಶೇಷ −1 (ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ). ಅದನ್ನು ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಅಂದರೆ 2ರ ಘಾತ ಏರುತ್ತಾ ಹೋದಂತೆ ಶೇಷ 1 ಮೊದಲು ಬರುವುದು 64ರಲ್ಲೇ. (ಮೊದಲೇ ಬಂದಿದ್ದರೆ ಆ ಘಾತ 64ನ್ನು ಭಾಗಿಸಬೇಕಿತ್ತು, ಆಗ 32ಕ್ಕೂ ಶೇಷ 1 ಆಗಿಬಿಡುತ್ತಿತ್ತು.) ಇನ್ನು ಫರ್ಮಾ ಅವರದೇ ಪ್ರಮೇಯದ ಪ್ರಕಾರ ಪ − 1ನೇ ಘಾತಕ್ಕೂ ಶೇಷ 1. ಹಾಗಾಗಿ ಪ − 1 ಎಂಬುದು 64ರ ಗುಣಕವೇ ಆಗಿರಬೇಕು. ತಮ್ಮ ಊಹೆಯನ್ನು ಕೆಡವುವ ಆಯುಧ ಫರ್ಮಾ ಕೈಯಲ್ಲೇ ಇತ್ತು, ಅಲ್ವಾ?

ಈಗ 64ರ ಗುಣಕಗಳಿಗೆ 1 ಕೂಡಿಸಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯ ಆಗಿರುವುದು 193, 257, 449, 577, 641 ಮಾತ್ರ. 257ನ್ನೂ ಕೈಬಿಡಬಹುದು. ಯಾಕೆಂದರೆ 3 × 5 × 17 × 257 × 65537 = 4294967295, ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ. 257 ಎರಡನ್ನೂ ಭಾಗಿಸಿದರೆ 2ನ್ನೂ ಭಾಗಿಸಬೇಕು, ಅದು ಆಗದ ಮಾತು. ಉಳಿದದ್ದು ನಾಲ್ಕೇ ಭಾಗಾಕಾರ.

641 ಭಾಗಿಸುತ್ತದೆ ಎಂಬುದಕ್ಕೆ ಭಾಗಾಕಾರವೂ ಬೇಡ. 641 = 5 × 2⁷ + 1, ಹಾಗೇ 641 = 5⁴ + 2⁴. ಮೊದಲನೆಯದರಿಂದ 5 × 2⁷ಕ್ಕೆ ಶೇಷ −1, ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರಿಂದ 5⁴ರ ಜಾಗಕ್ಕೆ −2⁴ ಹಾಕಿ. −2³²ಕ್ಕೆ ಶೇಷ 1, ಅಂದರೆ 2³² + 1ಕ್ಕೆ ಶೇಷ 0. ಪುಸ್ತಕ ಮುಚ್ಚಿ ಇದನ್ನೊಮ್ಮೆ ಬರೆದು ನೋಡಿ, ಮರೆಯುವುದಿಲ್ಲ.

6700417 ಮತ್ತೆ ಒಡೆಯುತ್ತದಾ? ಅದರ ವರ್ಗಮೂಲ 2588ರ ಆಸುಪಾಸು. ಮುಂದೆ ಲ್ಯೂಕಾಸ್ ಎಂಬ ಗಣಿತಜ್ಞ ಈ ಜರಡಿಯನ್ನೇ ಇನ್ನೂ ಬಿಗಿ ಮಾಡಿ, ಪ − 1 ಎಂಬುದು 128ರ ಗುಣಕ ಎಂದು ತೋರಿಸಿದರು. ಅದನ್ನು ಹಿಡಿದರೆ 641, 769, 1153, 1409 ಇಷ್ಟನ್ನೇ ನೋಡಿದರೆ ಸಾಕು. ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ, ಹಾಗಾಗಿ 6700417 ಅವಿಭಾಜ್ಯ.