ಪದ ಪರಿಚಯ: ಅಪಹರಣ

ಭಿಶಿ ನಡೆಸುವವನು ರೊಕ್ಕ ಕೊಡದೆ ಸತಾಯಿಸುತ್ತಾನೆ. (ನಮ್ಮ ಕಡೆ ಚೀಟಿಗೆ ಭಿಶಿ ಅನ್ನುತ್ತಾರೆ.) ಕಟ್ಟಿದವರಲ್ಲಿ ನಾಲ್ಕು ಮಂದಿ ಸೇರಿ ಅವನನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಎರಡು ದಿನ ಹೊಲದ ಮನೆಯಲ್ಲಿ ಕೂಡಿಹಾಕುತ್ತಾರೆ. ಮೂರನೇ ದಿನ ಪೇಪರಿನಲ್ಲಿ ‘ಅಪಹರಣ: ನಾಲ್ವರ ಬಂಧನ’. ಇಂಥದ್ದೊಂದು ಸುದ್ದಿ ಬಂತೆಂದರೆ ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಎರಡು ಪಾರ್ಟಿ ಖಚಿತ. ‘ರೊಕ್ಕ ನುಂಗಿದಾಂವ ಅವ, ಕೇಸು ಇವರ ಮ್ಯಾಲೆ. ಯಾವ ನ್ಯಾಯ ರೀ ಇದು?’ ಅಂತ ಒಬ್ಬರು. ‘ಹಂಗಂತ ಮನಷ್ಯಾನ್ನ ಎತ್ತಾಕ್ಕೊಂಡು ಹೋಗೂದೇನು?’ ಅಂತ ಇನ್ನೊಬ್ಬರು.

ಹರಣ ಅಂದರೆ ಒಯ್ಯುವುದು, ಕಸಿದುಕೊಳ್ಳುವುದು. ಸೀತಾಪಹರಣ ಅನ್ನುತ್ತೇವೆ. ‘ಸಂಘದ ಹಣ ಅಪಹರಿಸಿದ’ ಅಂತಲೂ ಬರೆಯುತ್ತೇವೆ. ಅಂದರೆ ಕನ್ನಡದಲ್ಲಿ ರೊಕ್ಕ ನುಂಗಿದವನೂ ಅಪಹರಣ ಮಾಡಿದವನೇ, ಅವನನ್ನು ಎತ್ತಿಕೊಂಡು ಹೋದವರೂ ಅಪಹರಣ ಮಾಡಿದವರೇ! ಅರ್ಧ ಜಗಳ ಇಲ್ಲೇ ಇದೆ. ಇನ್ನರ್ಧ ನಮ್ಮ ನೆನಪಿನಲ್ಲಿದೆ. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಒಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದನಲ್ಲ, ಅವತ್ತಿನಿಂದ ಅಪಹರಣ ಅಂದರೆ ನಮಗೆ ಕಾಡು, ಬಂದೂಕು, ಕ್ಯಾಸೆಟ್. ಪಕ್ಕದ ಓಣಿಯ ಕಿರಾಣಿ ಅಂಗಡಿಯವನಿಗೆ ಆ ಪದ ಅಂಟುವುದೇ ಇಲ್ಲ.

ಕಾನೂನಿನ ಲೆಕ್ಕ ಬೇರೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 137ನೇ ಕಲಮಿನಲ್ಲಿರುವ ಕಿಡ್ನಾಪಿಂಗ್ ಬಹುಮಟ್ಟಿಗೆ ಮಕ್ಕಳ ವಿಷಯ: 18 ತುಂಬದವರನ್ನು ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಇಲ್ಲದೆ ಒಯ್ಯುವುದು. ಒಬ್ಬರನ್ನು ಒಪ್ಪಿಗೆ ಇಲ್ಲದೆ ದೇಶದಿಂದ ಹೊರಗೆ ಸಾಗಿಸುವುದೂ ಅದರಲ್ಲೇ ಬರುತ್ತದೆ. ನಲವತ್ತೈದು ವರ್ಷದ ಭಿಶಿಯವನು ಎರಡಕ್ಕೂ ಸೇರುವುದಿಲ್ಲ. ಅವನದು 138ನೇ ಕಲಮು. ಬಲವಂತದಿಂದ ಅಥವಾ ಮೋಸದಿಂದ ಒಬ್ಬರನ್ನು ಇದ್ದ ಜಾಗದಿಂದ ಹೊರಡಿಸುವುದು, ಇಂಗ್ಲಿಷಿನವರ ಅಬ್ಡಕ್ಷನ್. ನಮ್ಮ ಪೇಪರುಗಳಲ್ಲಿ ಎರಡಕ್ಕೂ ಅಪಹರಣ ಅಂತಲೇ ಬರುತ್ತದೆ.

ಇಲ್ಲಿ ‘ಮೋಸದಿಂದ’ ಅನ್ನುವುದನ್ನು ಬಿಡಬೇಡಿ. ‘ಅವನೇ ಕಾರು ಹತ್ತಿದ, ನಾವೇನು ಎಳೆದುಕೊಂಡು ಹೋದೆವಾ?’ ಅನ್ನುತ್ತಾರಲ್ಲ, ಆ ಮಾತು ಜಾಸ್ತಿ ದೂರ ಹೋಗುವುದಿಲ್ಲ. ‘ಪಾರ್ಟಿ ಒಂದು ಬಂದಿದೆ, ಸೈಟು ತೋರಿಸೋಣ ಬಾ’ ಅಂತ ಸುಳ್ಳು ಹೇಳಿ ಕರೆಸಿದ್ದರೂ ಅದು ಮೋಸದಿಂದ ಹೊರಡಿಸಿದ್ದೇ.

ಇನ್ನೊಂದು ವಿಚಿತ್ರ ಇದೆ. 138ರಲ್ಲಿ ಅರ್ಥ ಮಾತ್ರ ಇದೆ, ಶಿಕ್ಷೆ ಇಲ್ಲ. ಯಾಕೆ ಒಯ್ದರು ಅನ್ನುವುದರ ಮೇಲೆ ಶಿಕ್ಷೆ. ಗುಟ್ಟಾಗಿ ಕೂಡಿಹಾಕಲು ಅಂತಾದರೆ 140(3), 7 ವರ್ಷದವರೆಗೆ ಜೈಲು. ಒಯ್ದು, ಕೊಲ್ಲುತ್ತೇವೆ, ಹೊಡೆಯುತ್ತೇವೆ ಅಂತ ಹೆದರಿಸಿ, ಮನೆಯವರಿಂದ ರೊಕ್ಕ ಕಕ್ಕಿಸಲು ಅಂತಾದರೆ 140(2), ಅಲ್ಲಿ ಜೀವಾವಧಿ ಅಥವಾ ಮರಣದಂಡನೆ. ಇದೇ ಹಳೆಯ ಐಪಿಸಿಯ 364ಎ, 1993ರಲ್ಲಿ ಸೇರಿಸಿದ್ದು. ‘ನಮ್ಮದೇ ರೊಕ್ಕ ಕೇಳಿದರೆ ಅದು ಒತ್ತೆಹಣ ಹೆಂಗಾಗುತ್ತದೆ?’ ಅಂತ ಕೇಳಬಹುದು. ಕಲಮಿನಲ್ಲಿ ಒತ್ತೆಹಣ ಅಂತಷ್ಟೇ ಇಲ್ಲ, ಇನ್ನೊಬ್ಬರಿಂದ ‘ಯಾವುದೇ ಕೆಲಸ’ ಮಾಡಿಸುವುದು ಅಂತಲೂ ಇದೆ. ಹೆಂಡತಿಗೆ ಫೋನ್ ಹಚ್ಚಿ ‘ಮನಿ ಕಾಗದ ತಗೊಂಡು ಬಾ, ಇಲ್ಲಾಂದ್ರ ನಿನ್ನ ಗಂಡ ಬರೂದಿಲ್ಲ’ ಅಂದರೆ ಪೊಲೀಸರು ಈ ಕಲಮು ಹಾಕುವ ಅಪಾಯ ಇದ್ದೇ ಇದೆ.

ಹಾಕಿದರೆ ನಿಲ್ಲುತ್ತದೆ ಅಂತಲ್ಲ. ಆಟೋ ಡ್ರೈವರ್ ಒಬ್ಬ ಶಾಲೆಯ ಹುಡುಗನನ್ನು ಒಯ್ದು 2 ಲಕ್ಷ ಕೇಳಿದ ತೆಲಂಗಾಣದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಜೀವಾವಧಿಯನ್ನು ತೆಗೆದು 7 ವರ್ಷಕ್ಕೆ ಇಳಿಸಿತು. ಹುಡುಗನನ್ನು ಒಯ್ದದ್ದು ನಿಜ, ರೊಕ್ಕ ಕೇಳಿದ್ದೂ ನಿಜ. ಆದರೆ ಜೀವಕ್ಕೆ ಅಪಾಯ ಮಾಡುವ ಬೆದರಿಕೆ ಸಾಬೀತಾಗಿರಲಿಲ್ಲ.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸುವುದು 127(8). ಒಬ್ಬರನ್ನು ಕೂಡಿಹಾಕಿ ಬಾಕಿ ತೀರಿಸು, ಆಸ್ತಿ ವಾಪಸ್ ಕೊಡು ಅಂತ ಒತ್ತಾಯ ಮಾಡಿದರೆ 3 ವರ್ಷದವರೆಗೆ ಜೈಲು, ಮೇಲೆ ದಂಡ. ಇದು ಹೊಸದೇನಲ್ಲ, 1860ರ ಐಪಿಸಿಯಲ್ಲೇ 348 ಅಂತ ಇತ್ತು. ಸಾಲ ಕೊಟ್ಟವನು ಒಂದು ದಿನ ಸಿಟ್ಟಿಗೆದ್ದು ಹೀಗೇ ಮಾಡುತ್ತಾನೆ ಅಂತ ಬ್ರಿಟಿಷರಿಗೆ ಆಗಲೇ ಗೊತ್ತಿತ್ತು! ‘ನಮ್ಮ ರೊಕ್ಕ ನಾವು ಕೇಳಿದೆವು’ ಅನ್ನುವವರು ಅದನ್ನು ಬಚಾವಾಗುವ ಮಾತು ಅಂದುಕೊಂಡಿರುತ್ತಾರೆ, ಆದರೆ ಅಪರಾಧದ ವಿವರಣೆಯಲ್ಲೇ ಆ ಮಾತಿದೆ. ಕೂಡಿಹಾಕಲು ಕೀಲಿ ಬೇಕಂತಲೂ ಇಲ್ಲ. ಬಾಗಿಲಲ್ಲಿ ಇಬ್ಬರು ನಿಂತು ‘ಹೊರಗೆ ಕಾಲಿಟ್ಟು ನೋಡು’ ಅಂದರೆ ಸಾಕು.

‘ಪೊಲೀಸರಿಗೆ ಒಪ್ಪಿಸೋಕೇ ಹಿಡಿದಿದ್ದೆವು’ ಅನ್ನುವುದೂ ಕೇಳಿಬರುತ್ತದೆ. ಸಾಮಾನ್ಯ ಜನರೂ ಹಿಡಿಯಬಹುದು ನಿಜ, ಆದರೆ ಗಂಭೀರ ಅಪರಾಧ ಅವರ ಕಣ್ಣೆದುರೇ ನಡೆದಿರಬೇಕು, ಅಥವಾ ಅವನು ತಲೆಮರೆಸಿಕೊಂಡ ಆರೋಪಿ ಅಂತ ಕೋರ್ಟ್ ಘೋಷಿಸಿದವನಾಗಿರಬೇಕು. ಹಿಡಿದ ಮೇಲೆ 6 ಗಂಟೆಯೊಳಗೆ ಒಪ್ಪಿಸಬೇಕು. ಹೋದ ವರ್ಷದ ಭಿಶಿಗೆ ಎರಡು ದಿನ ಹೊಲದ ಮನೆ ಇದರಲ್ಲಿ ಹೊಂದುವುದಿಲ್ಲ.

ಇಷ್ಟು ಬರೆದೆ ಅಂತ ರೊಕ್ಕ ಕಳೆದುಕೊಂಡವರ ಸಂಕಟ ಗೊತ್ತಿಲ್ಲ ಅಂದುಕೊಳ್ಳಬೇಡಿ. ಗದಗಿನಲ್ಲಿ ನಮ್ಮವ್ವನೂ ಭಿಶಿ ಕಟ್ಟಿ ಕಳೆದುಕೊಂಡವಳೇ. ಅಂಗೈಯಷ್ಟು ಪುಸ್ತಕ, ತಿಂಗಳಿಗೊಂದು ಸಹಿ, ಹದಿನಾಲ್ಕನೇ ಸಹಿ ಆದಮೇಲೆ ಬರೀ ಖಾಲಿ ಗೆರೆ. ಆಗ ನಮ್ಮ ಕಾಕಾ ‘ಕ್ರೂಸರ್ ತರ್ತೀನಿ, ನಾಲ್ಕು ಹುಡುಗರನ್ನ ಕರೀರಿ’ ಅಂತ ಎದ್ದು ನಿಂತಿದ್ದ. ಗಾಡಿ ಸಿಗಲಿಲ್ಲ, ಅಷ್ಟೇ. ಸ್ಟೇಷನ್ನಿಗೆ ಹೋದರೆ ‘ಇದು ಸಿವಿಲ್ ಮ್ಯಾಟರು’ ಅಂತ ವಾಪಸ್ ಕಳಿಸಿದ್ದರು. ಜನ ಕಾರು ಹುಡುಕುವುದು ಇಂಥ ಉತ್ತರ ಕೇಳಿದ ಮೇಲೇ ಅಲ್ವಾ?

ಆ ಉತ್ತರದಲ್ಲೂ ಒಂದು ಎಳೆ ನಿಜ ಇದೆ ಅನ್ನಿ. ರೊಕ್ಕ ವಾಪಸ್ ಕೊಡದಿದ್ದಷ್ಟಕ್ಕೇ ವಂಚನೆ ಆಗುವುದಿಲ್ಲ, ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ನಾವು ಬಾಯಿತುಂಬ ಬೈಯುವ ‘ಫೋರ್ ಟ್ವೆಂಟಿ’ ಈಗ 318(4) ಆಗಿದೆ (ಬೈಯೋಕೆ ಇನ್ನೂ ಹಳೇ ನಂಬರೇ ಚೆಂದ). ಸ್ಟೇಷನ್ನಿನಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆದು ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು.

ಇದರ ಉಲ್ಟಾ ಆಟವೂ ಇದೆ. ಮಾತುಕತೆಗೆ ತಾನೇ ಬಂದು, ಚಹಾ ಕುಡಿದು, ಮರುದಿನ ‘ನನ್ನನ್ನು ಕಿಡ್ನಾಪ್ ಮಾಡಿದ್ದರು’ ಅಂತ ದೂರು ಕೊಡುವವರೂ ಇರುತ್ತಾರೆ. ಎಫ್‌ಐಆರ್ ಅಂದರೆ ದೂರು ದಾಖಲಾಯಿತು ಅಂತ ಅಷ್ಟೇ. ಸಿಸಿಟಿವಿ, ಫೋನಿನ ಲೊಕೇಶನ್, ಟೋಲ್ ರಸೀದಿ ನೋಡಿದ ಮೇಲೆ ಯಾರ ಮಾತು ನಿಲ್ಲುತ್ತದೆ ಅಂತ ತಿಳಿಯುವುದು.

ವಂಚನೆಯದು, ಅಪಹರಣದ್ದು ಅಂತ ಎರಡೂ ಕೇಸು ಬಿದ್ದಾಗ ಒಂದಕ್ಕೊಂದು ವಜಾ ಆಗುವುದಿಲ್ಲ, ಬೇರೆ ಬೇರೆಯಾಗಿಯೇ ನಡೆಯುತ್ತವೆ. ಕೊನೆಗೆ ಊರ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ ಅಂದುಕೊಳ್ಳಿ. ರೊಕ್ಕ ನುಂಗಿದವನ ವಂಚನೆ ಕೇಸನ್ನು ಕೋರ್ಟಿನ ಅನುಮತಿ ಪಡೆದು ಅಲ್ಲೇ ಮುಗಿಸಬಹುದು. 140ನೇ ಕಲಮಿನ ಕೇಸಿಗೆ ಆ ದಾರಿ ಇಲ್ಲ. ಎತ್ತಿಕೊಂಡು ಹೋದ ನಾಲ್ವರು ವಕೀಲರನ್ನು ಹಿಡಿದು, ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ, ರದ್ದು ಮಾಡಿ ಸ್ವಾಮಿ ಅಂತ ಅರ್ಜಿ ಹಾಕಬೇಕು.