ಕ್ರೋಮ್ ಬಂಪರ್ ಮೇಲೆ ಬಣ್ಣ ಯಾಕೆ ನಿಲ್ಲುವುದಿಲ್ಲ?

ಹಳೆ ಕಾರಿನ ಬಂಪರ್‌ಗೆ ಹೊಸದಾಗಿ ಕ್ರೋಮ್ ಹಾಕಿಸುವುದು ದುಬಾರಿ ಕೆಲಸ. ಹಾಗಾಗಿ ಬಹಳ ಜನ ಸ್ಪ್ರೇ ಡಬ್ಬಿ ತಂದು ಸುಮ್ನೆ ಬಣ್ಣ ಹೊಡೆದುಬಿಡುತ್ತಾರೆ. ಕೆಲವೇ ತಿಂಗಳಲ್ಲಿ ಅದು ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಅಗ್ಗದ ಪೇಂಟ್ ತಂದಿದ್ದೇ ತಪ್ಪು ಅಂತ ಮುಂದಿನ ಸಲ ದುಬಾರಿ ಡಬ್ಬಿ ತರುತ್ತಾರೆ. ಅದೂ ಕಿತ್ತು ಬರುತ್ತದೆ. ಈ ನಂಬಿಕೆ ಹೋಗಬೇಕು. ಬಣ್ಣ ನಿಲ್ಲುವುದೋ ಬಿಡುವುದೋ ಎನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಅದರ ಕೆಳಗಿರುವ ಲೋಹದ ಮೈ.

ಕ್ರೋಮ್ ಲೇಪನದ ಲೋಹವೇ ಕ್ರೋಮಿಯಂ. ಅದು ಗಾಳಿಗೆ ತೆರೆದುಕೊಂಡ ಕ್ಷಣವೇ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಆಕ್ಸೈಡ್‌ನ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರ್‌ನಲ್ಲಿ 10 ಲಕ್ಷ ನ್ಯಾನೋಮೀಟರ್ ಇರುತ್ತವೆ ಎಂದರೆ ಅದೆಷ್ಟು ತೆಳು ಎಂದು ಊಹಿಸಿ. ಬೆಳಕು ಅದರೊಳಗಿಂದ ಹಾದುಹೋಗುತ್ತದೆ, ಹಾಗಾಗಿ ನಮಗೆ ಕಾಣುವುದು ಲೋಹದ ಹೊಳಪು ಮಾತ್ರ. ಗೀರಿದರೆ ಪೊರೆ ತಾನೇ ಮತ್ತೆ ಮೂಡುತ್ತದೆ. ಕ್ರೋಮ್ ಮಾಸದೇ ಇರುವುದು ಈ ಪೊರೆಯಿಂದ. ಬಣ್ಣ ಜಾರುವುದರಲ್ಲೂ ಇದರ ಪಾಲಿದೆ. ಇದು ಬೇರೆ ವಸ್ತುಗಳ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಜೊತೆಗೆ ಕನ್ನಡಿಯ ನುಣುಪು ಬೇರೆ. ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಹಾಗಾದರೆ ಹಳೆ ಬಂಪರ್ ಮೇಲೆ ಕಾಣುವ ಕಂದು ಚುಕ್ಕೆ ಏನು? ಅದು ಕ್ರೋಮ್ ತುಕ್ಕಲ್ಲ. ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಕೂಡ ಇರುವುದಿಲ್ಲ. ಅದರ ಕೆಳಗೆ ಎಷ್ಟೋ ಪಟ್ಟು ದಪ್ಪದ ನಿಕ್ಕಲ್, ಹಲವು ಬಂಪರ್‌ಗಳಲ್ಲಿ ಅದರಡಿ ತಾಮ್ರ, ಕೊನೆಗೆ ಉಕ್ಕು. ಉಕ್ಕನ್ನು ನೀರಿನಿಂದ ಕಾಯುವ ನಿಜವಾದ ಕೆಲಸ ನಿಕ್ಕಲ್‌ನದು. ಕಾಲ ಕಳೆದಂತೆ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ತೂತು ಬಿದ್ದು, ನೀರು ಉಕ್ಕನ್ನು ಮುಟ್ಟುತ್ತದೆ.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಉಪ್ಪಿನಂಶ ಇರುವ ನೀರು, ಎರಡು ಬೇರೆ ಲೋಹ: ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತವೆ. ಸುತ್ತಲಿನ ಹೊಳೆಯುವ ಮೈಮೇಲೆ ನೀರಿನಲ್ಲಿರುವ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ಪಡೆದುಕೊಳ್ಳುತ್ತದೆ. ಕೊಡುವ ಜಾಗ ಚುಕ್ಕೆಯಷ್ಟು, ಪಡೆಯುವ ಜಾಗ ವಿಶಾಲ. ಊರಿಗೆಲ್ಲ ಒಂದೇ ಬಾವಿಯಿಂದ ನೀರು ಸೇದಿದ ಹಾಗೆ! ಅದಕ್ಕೇ ತುಕ್ಕು ಅಗಲಕ್ಕೆ ಹರಡುವ ಮೊದಲೇ ಆಳಕ್ಕೆ ಕೊರೆಯುತ್ತದೆ. ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿದರೆ ತುಕ್ಕು ಮಾಯ ಎನ್ನುತ್ತಾರಲ್ಲ, ಹೋಗುವುದು ಮೇಲಿನ ಕಲೆ ಮಾತ್ರ. ಕುಳಿ ಅಲ್ಲೇ ಇರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಒಳಗಿನ ತುಕ್ಕು ಬೆಳೆಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಬಣ್ಣವನ್ನು ಕೆಳಗಿನಿಂದ ಮೇಲೆತ್ತುತ್ತದೆ.

ಕ್ರೋಮಿಯಂ ಲೋಹದ ಚರಿತ್ರೆಯೂ ಸ್ವಾರಸ್ಯದ್ದೇ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೊಲಾ ವಾಕಲಾಂ 1797ರಲ್ಲಿ ಸೈಬೀರಿಯಾದ ಕೆಂಪು ಖನಿಜವೊಂದರಲ್ಲಿ ಇದನ್ನು ಗುರುತಿಸಿದರು. ಆದರೆ ಹೊಳೆಯುವ ಲೇಪನವಾಗಿ ಅದು ಕಾರ್ಖಾನೆಗಳಿಗೆ ಬರಲು 1920ರ ದಶಕದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಕಾರಿನ ಹೊಳಪೆಂದರೆ ನಿಕ್ಕಲ್. ಅದು ಬೇಗ ಮಂಕಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕ್ರೋಮಿಯಂ ಉಳಿಸಲು ಹೊರಟಿತು. 1942ರಲ್ಲಿ, ಯುದ್ಧಕ್ಕಾಗಿ ಕಾರು ತಯಾರಿಕೆ ನಿಲ್ಲುವ ಮುನ್ನ, ಅಲ್ಲಿನ ಕೊನೆಯ ಕಾರುಗಳ ಅಲಂಕಾರದ ಪಟ್ಟಿಗಳು ಬಣ್ಣ ಬಳಿದುಕೊಂಡು ಹೊರಬಂದವು. ಕ್ರೋಮ್ ಭಾಗ್ಯ ಉಳಿದದ್ದು ಮುಖ್ಯವಾಗಿ ಬಂಪರ್‌ಗೆ.

ಈಗ ಕೆಲಸಕ್ಕೆ ಬರೋಣ. ಮೊದಲು ಜಿಡ್ಡು ತೆಗೆಯಿರಿ, ಆಮೇಲೆ ಉಜ್ಜಿ. ಈ ಕ್ರಮ ತಿರುಗಿದರೆ ವ್ಯಾಕ್ಸ್ ಮತ್ತು ಎಣ್ಣೆ ಗೀರುಗಳೊಳಗೆ ಸೇರಿಕೊಳ್ಳುತ್ತವೆ. ಕ್ರೋಮ್ ತುಂಬ ಗಡಸು, ಆದರೆ ವಾಟರ್ ಪೇಪರ್‌ನಲ್ಲಿರುವ ಸಿಲಿಕಾನ್ ಕಾರ್ಬೈಡ್ ಅದಕ್ಕಿಂತ ಗಡಸು. 320 ಗ್ರಿಟ್ (ಉಜ್ಜುವ ಕಣ ಎಷ್ಟು ನಯ ಎಂಬ ಸಂಖ್ಯೆ) ಆಸುಪಾಸಿನ ಪೇಪರ್ ಒದ್ದೆ ಮಾಡಿ, ಹೊಳಪು ಎಲ್ಲೂ ಉಳಿಯದ ಹಾಗೆ ಉಜ್ಜಬೇಕು. ಗಟ್ಟಿಯಾಗಿ ಕೂತಿರುವ ಕ್ರೋಮ್ ಅನ್ನು ಪೂರ್ತಿ ತೆಗೆಯಬೇಕಿಲ್ಲ. ಸಡಿಲವಾಗಿ ಎದ್ದಿರುವುದನ್ನು ಮಾತ್ರ ಕಿತ್ತು, ಅಂಚನ್ನು ಬೆರಳಿಗೆ ತಾಗದಂತೆ ಸಮ ಮಾಡಿ. ತುಕ್ಕಿನ ಕುಳಿಗಳನ್ನು ಹೊಳೆಯುವ ಉಕ್ಕು ಕಾಣುವವರೆಗೆ ಕೆರೆಯಿರಿ.

ಮೈ ಸಿದ್ಧವಾಯಿತೇ ಎಂದು ತಿಳಿಯಲು ನೀರು ಸುರಿದು ನೋಡಿ. ನೀರು ಹನಿಗಟ್ಟಿದರೆ ಜಿಡ್ಡು ಇನ್ನೂ ಇದೆ. ಒಂದೇ ಹಾಳೆಯಂತೆ ಹರಡಿದರೆ ಮೈ ಶುದ್ಧ. ಬಿಡಿಗಾಸು ಖರ್ಚಿಲ್ಲದ ಪರೀಕ್ಷೆ ಅಲ್ವಾ? ಪೂರ್ತಿ ಒಣಗಿಸಿ, ಹಾರ್ಡನರ್ ಬೆರೆಸುವ ಎಪಾಕ್ಸಿ ಪ್ರೈಮರ್ (ಬಣ್ಣದ ಕೆಳಗೆ ಬರುವ ಮೊದಲ ಪದರ) ಹೊಡೆಯಿರಿ. ಹಣವನ್ನು ಇಲ್ಲಿ ಹಾಕಿ, ಮೇಲಿನ ಬಣ್ಣದಲ್ಲಿ ಉಳಿಸಿ. ಎಪಾಕ್ಸಿ ಗೀರುಗಳೊಳಗೆ ಇಳಿದು ಗಟ್ಟಿಯಾಗುತ್ತದೆ, ಅದರ ಅಣುಗಳು ಆಕ್ಸೈಡ್ ಪೊರೆಗೂ ಅಂಟಿಕೊಳ್ಳುತ್ತವೆ. ಆಮ್ಲವಿರುವ ‘ಎಚ್’ (etch) ಪ್ರೈಮರ್ ಬರಿ ಉಕ್ಕನ್ನು ಚೆನ್ನಾಗಿ ಕಚ್ಚುತ್ತದೆ. ಕ್ರೋಮ್ ಮುಂದೆ ಅದರ ಆಟ ನಡೆಯುವುದು ಕಡಿಮೆ.

ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಆತಂಕವಿದೆ. ಬ್ಯಾಟರಿ ಚಾರ್ಜರ್ ಮತ್ತು ಕ್ಷಾರದ ನೀರು ಬಳಸಿ ಮನೆಯಲ್ಲೇ ಕ್ರೋಮ್ ಕಳಚುವ ಪ್ರಯೋಗವನ್ನು ದಯವಿಟ್ಟು ಮಾಡಬೇಡಿ. ಆ ನೀರು ಹಳದಿಯಾಗುವುದು ಆರು ವೇಲೆನ್ಸಿಯ (ಹೆಕ್ಸಾವೇಲೆಂಟ್) ಕ್ರೋಮಿಯಂನಿಂದ. ಅದು ಕ್ಯಾನ್ಸರ್ ತರುವ ವಿಷ. ಚರಂಡಿಗೆ ಸುರಿದರೆ ನೆಲದ ನೀರಿಗೂ ಸೇರಬಹುದು. ಒದ್ದೆ ಪೇಪರ್‌ನಿಂದ ಉಜ್ಜುವಾಗ ಈ ಅಪಾಯ ಇಲ್ಲ. ಆದರೂ ಗ್ಲೌಸ್ ಇರಲಿ, ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಸ್ಪ್ರೇ ಮಾಡುವಾಗ ಬಟ್ಟೆಯ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು.

ಬಣ್ಣವನ್ನು ತೆಳುವಾಗಿ, ಹಲವು ಕೋಟ್‌ಗಳಲ್ಲಿ ಹೊಡೆಯಿರಿ. ಒಂದೇ ಸಲ ದಪ್ಪಗೆ ಹೊಡೆದರೆ ಮೇಲ್ಮೈ ಮೊದಲು ಒಣಗಿ ಥಿನ್ನರ್ ಒಳಗೇ ಸಿಕ್ಕಿಬೀಳುತ್ತದೆ. ಕೈಗೆ ಅಂಟದಷ್ಟು ಒಣಗುವುದಕ್ಕೂ ಒಳಗಿನವರೆಗೆ ಗಟ್ಟಿಯಾಗುವುದಕ್ಕೂ ದಿನಗಳ ಅಂತರವಿದೆ. ಅಲ್ಲಿಯವರೆಗೆ ಬಂಪರ್ ಅನ್ನು ಕಾರಿಗೆ ಕೂರಿಸಬೇಡಿ. ಮುಂದೆ ಕಲ್ಲು ಸಿಡಿದು ಚಕ್ಕೆ ಎದ್ದರೆ ಅದೇ ವಾರ ಟಚಪ್ ಮಾಡಿ. ಕೆಳಗಿನ ಉಕ್ಕು ಕಂಡಿದ್ದರೆ ಆ ಪುಟ್ಟ ಬ್ಯಾಟರಿ ಕೆಲಸ ಶುರು ಮಾಡಲು ಮೊದಲ ಮಳೆ ಸಾಕು.